ಎರಡನೆಯ ಮೈಲಿ ಯಾರ ಕೈಯಲ್ಲಿದೆ?

ಒಂದು ಮೈಲಿ ಬರುವಂತೆ ಬಲವಂತ ಮಾಡಿದವನ ಜೊತೆ ಎರಡು ಮೈಲಿ ಹೋಗಬೇಕೆಂದು ಪ್ರಭು ಯೇಸು ಪರ್ವತ ಪ್ರಸಂಗದಲ್ಲಿ ಬೋಧಿಸಿದರು (ಮತ್ತಾಯ 5:41). ನೆರೆಯವರಿಗೆ ಕೇಳಿದ್ದಕ್ಕಿಂತ ತುಸು ಹೆಚ್ಚು ನೆರವಾಗಬೇಕು ಎಂದಷ್ಟೇ ನಾವು ಇದನ್ನು ಅರ್ಥ ಮಾಡಿಕೊಳ್ಳುತ್ತೇವೆ. ಆದರೆ ಅಂದು ಅದನ್ನು ಕೇಳಿದ ಬಡ ರೈತರಿಗೂ ಬೆಸ್ತರಿಗೂ ಈ ಮಾತು ಅಷ್ಟು ಸುಲಭವಾಗಿ ಗಂಟಲಿನಲ್ಲಿ ಇಳಿದಿರಲಾರದು. ಕಾರಣವನ್ನು ತಿಳಿಯಲು ಆ ಕಾಲದ ಹಿನ್ನೆಲೆಯನ್ನು ನೋಡೋಣ.

ಬಿಟ್ಟಿ ಚಾಕರಿಯ ಪದ

'ಬಲವಂತ ಮಾಡು' ಎಂಬುದಕ್ಕೆ ಗ್ರೀಕ್ ಮೂಲದಲ್ಲಿರುವ ಪದ 'ಅಂಗರೇವೋ'. ಇದಕ್ಕೂ ಪರ್ಷಿಯಾದ ಅರಸರ ಅಂಚೆ ಸವಾರರ ವ್ಯವಸ್ಥೆಯ ಹೆಸರಿಗೂ ನಂಟಿದೆ. ಕಾಲಕ್ರಮದಲ್ಲಿ, ಆಳುವವರ ಕೆಲಸಕ್ಕಾಗಿ ಜನರನ್ನೂ ಅವರ ಕತ್ತೆ, ಗಾಡಿಗಳನ್ನೂ ಹಿಡಿದು ದುಡಿಸಿಕೊಳ್ಳುವುದಕ್ಕೆ ಈ ಪದ ನಿಂತಿತು. ನಮ್ಮ ಭಾಷೆಯಲ್ಲಿ ಅದು ಬಿಟ್ಟಿ ಚಾಕರಿ. 'ಮೈಲಿ' ಎಂಬುದೂ ರೋಮನ್ನರ ಅಳತೆಯೇ: ಸಾವಿರ ಜೋಡಿ ಹೆಜ್ಜೆ, ಅಂದರೆ ಸುಮಾರು ಒಂದೂವರೆ ಕಿಲೋಮೀಟರು.

ಆಗ ಗಲಿಲೇಯವನ್ನು ರೋಮ್‌ಗೆ ಅಧೀನನಾದ ಹೆರೋದ ಅಂತಿಪನು ಆಳುತ್ತಿದ್ದನು. ಜುದೇಯವು ಕ್ರಿ.ಶ. 6ರಿಂದ ರೋಮನ್ ಅಧಿಕಾರಿಗಳ ನೇರ ಆಡಳಿತದಲ್ಲಿತ್ತು. ಅದೇ ವರ್ಷ ಜನಗಣತಿಯನ್ನು ವಿರೋಧಿಸಿ ಗಲಿಲೇಯದ ಯೂದನು ದಂಗೆ ಎದ್ದಿದ್ದನು. ಸೈನಿಕನ ಗಂಟು ಹೊರುವುದು ಮೈಗೆ ಮಾತ್ರವಲ್ಲ, ಮಾನಕ್ಕೂ ಭಾರವಾಗಿತ್ತು.

ಈ ಪದ್ಧತಿ ಹೇಗಿತ್ತೆಂಬುದಕ್ಕೆ ಕಲ್ಲಿನ ಸಾಕ್ಷಿಯಿದೆ. ಟರ್ಕಿ ದೇಶದ ಬುರ್ದುರ್ ಬಳಿ ದೊರೆತು 1976ರಲ್ಲಿ ಪ್ರಕಟವಾದ ಒಂದು ಶಾಸನವು ತಿಬೇರಿಯ ಚಕ್ರವರ್ತಿಯ ಕಾಲದ ರಾಜ್ಯಪಾಲನ ಆಜ್ಞೆ. ಸಗಲಸ್ಸೊಸ್ ಪಟ್ಟಣದವರು ಪ್ರಯಾಣದಲ್ಲಿರುವ ಅಧಿಕಾರಿಗಳಿಗೂ ಸೈನಿಕರಿಗೂ 10 ಗಾಡಿ, 10 ಹೇಸರಗತ್ತೆಗಳನ್ನು ಒದಗಿಸಬೇಕು. ಬಳಸುವವರು ನಿಗದಿಯಾದ ಬಾಡಿಗೆ ತೆರಬೇಕು ಎಂದು ಅದು ವಿಧಿಸುತ್ತದೆ. ಪುಕ್ಕಟೆಯಾಗಿ ಬಳಸಬಾರದೆಂಬ ಹಿಂದಿನ ನಿಯಮವನ್ನು ಕೆಲವರು ಮೀರುತ್ತಿರುವುದರಿಂದಲೇ ಈ ಆಜ್ಞೆ ಎಂದೂ ಅದರಲ್ಲಿದೆ. ಕಾನೂನು ಇತ್ತು, ಅದರ ದುರುಪಯೋಗವೂ ಇತ್ತು.

ಸೈನಿಕನು ಒಂದೇ ಮೈಲಿ ಹೊರಿಸಬಹುದೆಂಬ ರೋಮನ್ ಕಾನೂನು ಇತ್ತೆಂದು ಪ್ರಸಂಗಗಳಲ್ಲಿ ಹೇಳುವುದುಂಟು. ಅಂಥ ಕಾನೂನಿನ ಪಾಠ ಇಂದಿಗೂ ದೊರೆತಿಲ್ಲ. ಬೋಧನೆಯ ಬಲಕ್ಕೆ ಅದರ ಅಗತ್ಯವೂ ಇಲ್ಲ.

ಭಯವೋ, ಸ್ವಾತಂತ್ರ್ಯವೋ?

ಗುಲಾಮನಾಗಿದ್ದು ಬಿಡುಗಡೆ ಹೊಂದಿದ ತತ್ವಜ್ಞಾನಿ ಎಪಿಕ್ಟೇಟಸ್ ಕೂಡ ಈ ವಿಷಯ ಎತ್ತಿದ್ದಾನೆ. ಸೈನಿಕನು ಕತ್ತೆಯನ್ನು ಹಿಡಿದರೆ ಬಿಟ್ಟುಬಿಡು, ಎದುರಾಡಿದರೆ ಏಟೂ ಬೀಳುತ್ತದೆ, ಕತ್ತೆಯೂ ಹೋಗುತ್ತದೆ ಎಂಬುದು ಅವನ ಬುದ್ಧಿವಾದ. ಅದು ಜಾಣತನವೇ ಸರಿ. ಯೇಸು ಹೇಳಿದ್ದು ಬೇರೆ. ಮೊದಲನೆಯ ಮೈಲಿ ಸೈನಿಕನ ಅಪ್ಪಣೆ. ಎರಡನೆಯದು ನಡೆಯುವವನದೇ ನಿರ್ಧಾರ. ಮೊದಲನೆಯದರಲ್ಲಿ ಅವನು ಹೊರೆ ಹೊರುವ ಪಶುವಿನಂತೆ. ಎರಡನೆಯದರಲ್ಲಿ ವೈರಿಗೂ ಕೊಡಬಲ್ಲ ಮನುಷ್ಯ, ದೇವರ ಮಗ.

ಆದರೆ ಇದು ಅನ್ಯಾಯಕ್ಕೆ ಒಪ್ಪಿಗೆಯಲ್ಲ. ಕಾವಲುಗಾರನು ಕೆನ್ನೆಗೆ ಹೊಡೆದಾಗ ಯೇಸು ಕಾರಣ ಕೇಳಿದರು (ಯೊವಾನ್ನ 18:23). ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಹೊಡೆಸಿದ ಅಧಿಕಾರಿಗಳನ್ನು ಸಂತ ಪೌಲರು ಪ್ರಶ್ನಿಸಿದರು (ಪ್ರೇಷಿತರ ಕಾರ್ಯಗಳು 16:37). ಎರಡನೆಯ ಮೈಲಿಯನ್ನು ನಾನು ನಡೆಯಬಹುದು. ಇನ್ನೊಬ್ಬರ ಮೇಲೆ ಹೇರುವಂತಿಲ್ಲ. ಗಂಡನ ಹೊಡೆತ ತಿನ್ನುವ ಹೆಣ್ಣುಮಗಳಿಗೆ "ಸಹಿಸಿಕೊಳ್ಳಮ್ಮಾ" ಎಂದು ಈ ವಾಕ್ಯ ತೋರಿಸಿ ಹಿಂದಕ್ಕೆ ಕಳುಹಿಸುವುದು, ಕೂಲಿಯವನನ್ನು ಸಂಬಳವಿಲ್ಲದೆ ದುಡಿಸುವುದು ಶುಭಸಂದೇಶವಲ್ಲ. ಹಾಗೆ ಮಾಡಿದರೆ ನಾವು ಸೈನಿಕನ ಪಕ್ಷ ಸೇರಿದಂತೆ. ನಮ್ಮ ಸಂವಿಧಾನದ 23ನೆಯ ವಿಧಿಯೂ ಬಿಟ್ಟಿ ಚಾಕರಿಯನ್ನು ನಿಷೇಧಿಸಿದೆ.

ಶಿಲುಬೆಯ ಹಾದಿಯಲ್ಲಿ

ಇದೇ 'ಅಂಗರೇವೋ' ಪದ ಮತ್ತಾಯನ ಶುಭಸಂದೇಶದಲ್ಲಿ ಇನ್ನೊಮ್ಮೆ ಬರುತ್ತದೆ (27:32). ಸಿರೇನಿನ ಸಿಮೋನನನ್ನು ಸೈನಿಕರು ಹಿಡಿದು ಶಿಲುಬೆ ಹೊರಿಸುತ್ತಾರೆ. ಬಿಟ್ಟಿ ಹಿಡಿಯಲ್ಪಟ್ಟವನು ಅಂದು ನಡೆದದ್ದು ಪ್ರಭುವಿನ ಹಾದಿಯಲ್ಲಿ. ಆ ಹಾದಿಯ ಕೊನೆಯಲ್ಲಿ ಪ್ರಭು ತಮ್ಮನ್ನು ಶಿಲುಬೆಗೇರಿಸಿದವರಿಗಾಗಿ ಪ್ರಾರ್ಥಿಸಿದರು (ಲೂಕ 23:34). ತಾವು ಬೋಧಿಸಿದ ಎರಡನೆಯ ಮೈಲಿಯನ್ನು ತಾವೇ ನಡೆದರು. ಮುಂದೆ ಶಿಲುಬೆಹಾದಿಯ ಐದನೆಯ ಸ್ಥಳದಲ್ಲಿ ಮೊಣಕಾಲೂರುವಾಗ ಇದನ್ನು ನೆನೆಯೋಣ.

ಮನನಕ್ಕೆ

1. ನನ್ನನ್ನು ನೋಯಿಸಿದವರಿಗೆ ಯಾರ ಬಲವಂತವೂ ಇಲ್ಲದೆ ನಾನು ಮಾಡಬಹುದಾದ ಒಂದು ಒಳಿತು ಯಾವುದು?

2. ನಮ್ಮ ಮನೆಯಲ್ಲಿ, ಹೊಲದಲ್ಲಿ, ಅಂಗಡಿಯಲ್ಲಿ ದುಡಿಯುವವರಿಂದ ನಾನು ಬಿಟ್ಟಿ ಚಾಕರಿ ಮಾಡಿಸಿಕೊಳ್ಳುತ್ತಿದ್ದೇನೆಯೇ?