ಮಗುವಿಗಾಗಿ ಕಾಯುವ ದಂಪತಿಗಳು ತಿಳಿದಿರಬೇಕಾದದ್ದು



ನಮ್ಮ ಶಂಕಗಿರಿ ಲಾರಿಗಳ ಊರು. ಗಂಡ ಲೋಡು ಹತ್ತಿಸಿಕೊಂಡು ಉತ್ತರಕ್ಕೆ ಹೋದರೆ ಇಪ್ಪತ್ತು ದಿನಕ್ಕೆ ಮನೆಗೆ ಬರುತ್ತಾನೆ, ನಾಲ್ಕು ದಿನವಿದ್ದು ಮತ್ತೆ ಹೊರಡುತ್ತಾನೆ. ಮದುವೆಯಾಗಿ ಎರಡು ವರ್ಷ ಕಳೆದರೆ ಅತ್ತೆಯೂ ನೆರೆಯವರೂ ಸೊಸೆಯನ್ನೇ ಕೇಳುತ್ತಾರೆ, 'ಇನ್ನೂ ಏನೂ ಇಲ್ಲವಾ?' ಅವಳಲ್ಲಿ ದೋಷವೇ ಇಲ್ಲದಿರಬಹುದು.

ಗರ್ಭ ನಿಲ್ಲುವ ದಿನಗಳು

ಅಂಡ ಬಿಡುಗಡೆಯಾದ ಮೇಲೆ ಸುಮಾರು ಒಂದು ದಿನ ಮಾತ್ರ ಜೀವಂತವಿರುತ್ತದೆ. ವೀರ್ಯಾಣು ಐದು ದಿನಗಳವರೆಗೆ ಬದುಕಬಲ್ಲದು. ಆದ್ದರಿಂದ ತಿಂಗಳಲ್ಲಿ ಸುಮಾರು ಆರು ದಿನ ಮಾತ್ರ ಗರ್ಭ ನಿಲ್ಲುವ ಕಾಲ. ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು ಅಂಡ ಹೊರಬರುತ್ತದೆ. ಆಗ ಹಸಿ ಮೊಟ್ಟೆಯ ಬಿಳಿಯಂತೆ ತಿಳಿಯಾದ, ಜಾರುವ ಸ್ರಾವ ಕಾಣುತ್ತದೆ. ಆಸ್ಟ್ರೇಲಿಯದ ಬಿಲ್ಲಿಂಗ್ಸ್ ದಂಪತಿಗಳು ಕಲಿಸಿದ ವಿಧಾನ ಈ ಗುರುತನ್ನೇ ಆಧರಿಸಿದೆ. ಗಂಡನ ರಜೆ ಆ ದಿನಗಳಿಗೆ ಹೊಂದುತ್ತದೆಯೇ ಎಂದು ಮೊದಲು ನೋಡಿರಿ.

ಒಟ್ಟಿಗಿದ್ದೂ ಒಂದು ವರ್ಷದಲ್ಲಿ ಗರ್ಭ ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳು ಸಾಕು.

ಇಬ್ಬರಿಗೂ ಪರೀಕ್ಷೆ

ಮಕ್ಕಳಾಗದ ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಗಂಡನ ಕಡೆಯ ಕಾರಣವೂ ಸೇರಿರುತ್ತದೆ. ವೀರ್ಯ ಪರೀಕ್ಷೆ ಸುಲಭ, ಖರ್ಚೂ ಕಡಿಮೆ. ಅದಕ್ಕೆ ಮೊದಲು 2ರಿಂದ 7 ದಿನ ಸಂಯಮವಿರಬೇಕು. ವೃಷಣಗಳಿಗೆ ಶರೀರಕ್ಕಿಂತ ತಂಪು ಬೇಕು. ಎಂಜಿನ್ ಕಾವಿನ ಮೇಲೆ ಗಂಟೆಗಟ್ಟಲೆ ಕೂರುವುದು, ಬೀಡಿ, ಹೊಗೆಸೊಪ್ಪು, ಮದ್ಯ ಇವೆಲ್ಲ ಹಾನಿ. ಹೊಲದ ಮದ್ದೂ ಹಾಗೆಯೇ. 1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಡಿಬಿಸಿಪಿ ಎಂಬ ಜಂತುನಾಶಕ ತಯಾರಿಸುತ್ತಿದ್ದ ಕಾರ್ಮಿಕರಿಗೆ ಮಕ್ಕಳಾಗದಿರುವುದು ಬೆಳಕಿಗೆ ಬಂತು. ಹತ್ತಿಗೂ ಅರಿಶಿಣಕ್ಕೂ ಮದ್ದು ಹೊಡೆಯುವವರು ಕೈಗವಸು, ಮುಖಕ್ಕೆ ಬಟ್ಟೆ ಬಿಡಬಾರದು. ಕೆಲಸ ಮುಗಿದೊಡನೆ ಸ್ನಾನ ಮಾಡಬೇಕು. ಹೊಸ ವೀರ್ಯಾಣು ಬೆಳೆಯಲು ಸುಮಾರು ಮೂರು ತಿಂಗಳು ಬೇಕು. ಇಂದು ಬೀಡಿ ಬಿಟ್ಟರೆ ಫಲ ಆಮೇಲೆ ಕಾಣುತ್ತದೆ.

ಹೆಂಡತಿಗೆ ರಕ್ತ, ಥೈರಾಯ್ಡ್, ಸಕ್ಕರೆ ಪರೀಕ್ಷೆ, ಸ್ಕ್ಯಾನ್, ಬೇಕಾದರೆ ಗರ್ಭನಾಳದ ಎಕ್ಸ್-ರೇ. ನಮ್ಮ ದೇಶದಲ್ಲಿ ಗರ್ಭನಾಳ ಮುಚ್ಚಿಹೋಗಲು ಕ್ಷಯವೂ ಒಂದು ಮುಖ್ಯ ಕಾರಣ. ಕ್ಷಯದ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಸೇಲಂನ ಮೋಹನ್ ಕುಮಾರಮಂಗಲಂ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಸ್ತ್ರೀರೋಗ ವಿಭಾಗದಲ್ಲಿ ಮೊದಲು ವಿಚಾರಿಸಿರಿ.

ಔಷಧಿಯ ಏರ್ಪಾಡು

1. ಫೋಲಿಕ್ ಆಮ್ಲ: ಗರ್ಭ ನಿಲ್ಲುವ ಮೊದಲೇ ಪ್ರಾರಂಭಿಸಬೇಕು, ದಿನಕ್ಕೆ 400 ಮೈಕ್ರೋಗ್ರಾಂ. ಸಕ್ಕರೆ ಕಾಯಿಲೆ, ಮೂರ್ಛೆರೋಗ ಇದ್ದವರಿಗೆ ವೈದ್ಯರು ಹೆಚ್ಚು ಹೇಳಬಹುದು. ಮೂರ್ಛೆರೋಗದ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು.

2. ಅಂಡ ಬೆಳೆಸುವ ಮಾತ್ರೆ: ಕ್ಲೋಮಿಫೀನ್ ಅಥವಾ ಲೆಟ್ರೋಜೋಲನ್ನು ಸಾಮಾನ್ಯವಾಗಿ ಐದು ದಿನ ಕೊಡುತ್ತಾರೆ. ರಕ್ತ ಕಂಡ ಮೊದಲ ದಿನವೇ ಒಂದನೆಯ ದಿನ. ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ. ಮಾತ್ರೆಯನ್ನು ಮುಟ್ಟಿಗೆ ಮೊದಲೇ ತಂದಿಟ್ಟುಕೊಳ್ಳಿರಿ. ಲೆಟ್ರೋಜೋಲ್ ಸ್ತನ ಕ್ಯಾನ್ಸರಿನ ಔಷಧಿಯೂ ಹೌದು. ಭಾರತದಲ್ಲಿ 2011ರಲ್ಲಿ ಬಂಜೆತನದ ಚಿಕಿತ್ಸೆಗೆ ಅದನ್ನು ನಿಷೇಧಿಸಿದ್ದರು. 2017ರಲ್ಲಿ ನಿಷೇಧ ತೆಗೆದರು. ಡಬ್ಬಿಯ ಚೀಟಿ ಓದಿ ಹೆದರಬೇಡಿರಿ. ನೆರೆಮನೆಯವಳಿಗೆ ಬರೆದ ಮಾತ್ರೆಯನ್ನು ನುಂಗಲೂ ಬೇಡಿರಿ. ಕಣ್ಣು ಮಂಜಾದರೆ ಕೂಡಲೇ ವೈದ್ಯರಿಗೆ ತಿಳಿಸಿರಿ.

3. ಇಂಜೆಕ್ಷನ್: ಹಲವನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಆದರೆ ಹೆಪ್ಪುಗಟ್ಟಬಾರದು. ಸೇಲಂನಿಂದಲೋ ಈರೋಡಿನಿಂದಲೋ ಬಸ್ಸಿನಲ್ಲಿ ತರುವಾಗ ಐಸ್ ಹಾಕಿದ ಫ್ಲಾಸ್ಕಿನಲ್ಲಿ, ಬಟ್ಟೆ ಸುತ್ತಿ ಇಡಿರಿ. ಸೀಸೆಗೆ ಐಸ್ ತಾಗಬಾರದು. ಅಂಡ ಬಿಡಿಸುವ ಎಚ್‌ಸಿಜಿ ಹಾಕಿಸಿಕೊಂಡ ಸುಮಾರು 36 ಗಂಟೆಗೆ ಅಂಡ ಹೊರಬರುತ್ತದೆ. ಅದಕ್ಕೇ ಗಂಟೆ ತಪ್ಪಬಾರದು. ರಾತ್ರಿ ಹತ್ತಕ್ಕೆ ಎಂದಿದ್ದರೆ ಯಾವ ನರ್ಸಮ್ಮ ಹಾಕುತ್ತಾರೆ, ಗಂಡ ಅಂದು ಊರಿನಲ್ಲಿರುತ್ತಾನೆಯೇ ಎಂದು ಮೊದಲೇ ನಿಶ್ಚಯಿಸಿರಿ. ಆಮೇಲೆ ಹೊಟ್ಟೆ ಉಬ್ಬಿ, ಉಸಿರು ಕಟ್ಟಿ, ಮೂತ್ರ ಕಡಿಮೆಯಾದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿರಿ.

4. ಬಿಲ್ಲು, ಚೀಟಿ, ಸ್ಕ್ಯಾನ್ ವರದಿ ಎಲ್ಲವನ್ನೂ ಒಂದೇ ಚೀಲದಲ್ಲಿಡಿರಿ. ವೈದ್ಯರನ್ನು ಬದಲಾಯಿಸಿದರೆ ಮತ್ತೆ ಮೊದಲಿನಿಂದ ಖರ್ಚು ಮಾಡಬೇಕಾಗುವುದಿಲ್ಲ.

ದೊಡ್ಡ ಚಿಕಿತ್ಸೆಗೆ ಮುನ್ನ

ಪ್ರನಾಳ ಶಿಶುವಿನ ಚಿಕಿತ್ಸೆಗೆ 2021ರ ಕಾಯ್ದೆಯಂತೆ ನೋಂದಣಿಯಾದ ಕ್ಲಿನಿಕ್ಕಿಗೆ ಮಾತ್ರ ಅವಕಾಶವಿದೆ. ನೋಂದಣಿ ಪತ್ರ ತೋರಿಸಲು ಕೇಳಿರಿ. 2022ರಲ್ಲಿ ನಮ್ಮ ಪಕ್ಕದ ಈರೋಡಿನಲ್ಲಿ ಹದಿಹರೆಯದ ಹುಡುಗಿಯೊಬ್ಬಳ ವಯಸ್ಸನ್ನು ಸುಳ್ಳು ಹೇಳಿ ಅವಳ ಅಂಡಗಳನ್ನು ಮಾರಿದ ಪ್ರಕರಣ ಬಯಲಾಯಿತು. ದಲ್ಲಾಳಿಯ ಮಾತಿಗೆ ಮರುಳಾಗಬೇಡಿರಿ. ಶರೀರದ ಹೊರಗೆ ಗರ್ಭಧಾರಣೆ ಮಾಡಿಸುವುದನ್ನು ಧರ್ಮಸಭೆ 1987ರ ಬೋಧನೆಯಲ್ಲಿ ಒಪ್ಪಿಲ್ಲ. ಕಾಯಿಲೆ ಗುಣಪಡಿಸಿ ದಾಂಪತ್ಯಕ್ಕೆ ನೆರವಾಗುವ ಔಷಧಿಗೆ ಅಡ್ಡಿಯಿಲ್ಲ. ಸಂಶಯವಿದ್ದವರು ಗುರುಗಳೊಡನೆ ಮನಬಿಚ್ಚಿ ಮಾತನಾಡಬಹುದು.

ಆಭರಣ ಅಡವಿಡುವ ಮೊದಲು ಒಂದು ಕೆಲಸ ಮಾಡಿರಿ. ಮೊದಲ ದಿನ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ವೈದ್ಯರ ಮುಂದೆ ಕುಳಿತುಕೊಳ್ಳಿರಿ. ಅತ್ತೆಯಂದಿರೇ, ಅಲ್ಲಿಯವರೆಗೆ ಸೊಸೆಯನ್ನು ಏನೂ ಕೇಳಬೇಡಿರಿ.