ಕೋಳಿ ಗೆಲುವಾಗಿದ್ದರೂ ಕೈ ತೊಳೆಯಿರಿ

2020ರ ಮಾರ್ಚ್ ತಿಂಗಳಲ್ಲಿ ನಮ್ಮ ಜಿಲ್ಲೆಯ ಹರಿಹರ ತಾಲ್ಲೂಕು ಬನ್ನಿಕೋಡಿನಲ್ಲಿ ಹಕ್ಕಿಜ್ವರ ಬಂದಾಗ ಬಿಳಿಚೋಡಿನ ನಾವೂ ಹೆದರಿ ಕೋಳಿ ತಿನ್ನೋದು ಬಿಟ್ಟಿದ್ದೆವು. ಆದರೆ ಆಗಲೂ ರಾತ್ರಿ ಬೆಕ್ಕಿನ ಭಯಕ್ಕೆ ಮರಿಗಳನ್ನು ಅಡುಗೆಮನೆ ಮೂಲೆಯಲ್ಲೇ ಮಂಕರಿ ಕವುಚಿ ಇಡುತ್ತಿದ್ದೆವು! ಹಕ್ಕಿಜ್ವರ ವೈರಸ್ಸಿನಿಂದ ಬರುವುದು, ಅಪರೂಪದ್ದು. ದಿನಾ ಮನೆಯೊಳಗೇ ಓಡಾಡುವ ಬ್ಯಾಕ್ಟೀರಿಯಾ ಬಗ್ಗೆ ನಮಗೆ ಲಕ್ಷ್ಯವೇ ಇರಲಿಲ್ಲ.

ಬುದ್ಧಿ ಬಂದದ್ದು ಮೊಮ್ಮಗನಿಂದ. ಒಂದೂವರೆ ವರ್ಷದ ಕೂಸು, ಮರಿಗಳ ಜೊತೆ ಆಡಿ ಬೆರಳು ಚೀಪುತ್ತಿತ್ತು. ಒಂದು ದಿನ ಜ್ವರ, ಭೇದಿಯಲ್ಲಿ ರಕ್ತ. ಡಾಕ್ಟರು "ಮನೇಲಿ ಕೋಳಿ ಸಾಕೀರಾ?" ಎಂದು ಕೇಳಿದರು. "ಸಾಕೀವಿ ಸಾರ್, ಎಲ್ಲಾ ಗೆಲುವಾಗವೆ" ಅಂದೆ. "ಅದೇ ನೋಡ್ರಿ ತೊಂದರೆ" ಅಂದರು. ಕೂಸು ಹುಷಾರಾಯಿತು. ಆಮೇಲೆ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಕೋಳಿಯಿಂದ ಮನುಷ್ಯರಿಗೆ ಹೆಚ್ಚಾಗಿ ದಾಟುವವು ಎರಡು: ಸಾಲ್ಮೊನೆಲ್ಲಾ ಮತ್ತು ಕ್ಯಾಂಪೈಲೋಬ್ಯಾಕ್ಟರ್. ಇವು ಕೋಳಿಯ ಕರುಳಿನಲ್ಲಿ ಇದ್ದರೂ ಕೋಳಿ ಮಾಮೂಲಿನಂತೆ ಮೇಯುತ್ತದೆ, ಮೊಟ್ಟೆ ಇಡುತ್ತದೆ. ಹಿಕ್ಕೆಯಿಂದ ಕೈಗೆ, ಮೊಟ್ಟೆ ಸಿಪ್ಪೆಗೆ, ನೀರಿಗೆ, ಅಲ್ಲಿಂದ ಬಾಯಿಗೆ ಬರುತ್ತವೆ. ಸಾಲ್ಮೊನೆಲ್ಲಾ ಸಾಮಾನ್ಯವಾಗಿ 6 ಗಂಟೆಯಿಂದ 3 ದಿನದೊಳಗೆ, ಇನ್ನೊಂದು 2ರಿಂದ 5 ದಿನದಲ್ಲಿ ಹೊಟ್ಟೆನೋವು, ಜ್ವರ, ಭೇದಿ ತರುತ್ತದೆ. ಕೂಸುಗಳಿಗೆ, ವಯಸ್ಸಾದವರಿಗೆ, ಬಸುರಿಯರಿಗೆ ಅಪಾಯ ಜಾಸ್ತಿ.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಮನುಷ್ಯರ ಟೈಫಾಯಿಡ್ ಮನುಷ್ಯರಿಂದಲೇ ಹರಡುತ್ತದೆ, ಕೋಳಿಯಿಂದಲ್ಲ. ಕೋಳಿಗೆ ಬರುವ ಟೈಫಾಯಿಡ್ ಬೇರೆ.

ಮೂರನೆಯದು ಗಿಳಿಜ್ವರ. ಗಿಳಿ, ಪಾರಿವಾಳ, ಬಾತುಗಳ ಒಣಗಿದ ಹಿಕ್ಕೆಯ ಧೂಳು ಉಸಿರಿನಲ್ಲಿ ಹೋದರೆ ಬರುತ್ತದೆ. ಜ್ವರ, ತಲೆನೋವು, ಒಣಕೆಮ್ಮು, ಕೊನೆಗೆ ನ್ಯುಮೋನಿಯಾ. 1929-30ರಲ್ಲಿ ಮಾರಾಟದ ಗಿಳಿಗಳಿಂದ ಅನೇಕ ದೇಶಗಳಲ್ಲಿ ಹರಡಿತ್ತು. ಇದಕ್ಕೆ ಔಷಧಿ ಇದೆ. ಹಕ್ಕಿ ಸಾಕಿರುವ ವಿಷಯವನ್ನು ಡಾಕ್ಟರಿಗೆ ನಾವೇ ಹೇಳಬೇಕು.

ನಮ್ಮ ಮನೆಯಲ್ಲಿ ಈಗ ಮಾಡುತ್ತಿರುವುದು:

1. ಕೋಳಿಗೂಡು ಮನೆಯಿಂದ ಹೊರಗೆ. ಬೆಕ್ಕು ನುಗ್ಗದಂತೆ ಜಾಲರಿ ಹೊಡೆದಿದ್ದೇವೆ. ಕುಡಿಯುವ ನೀರಿಗೆ ಮುಚ್ಚಳ.

2. ಕೋಳಿ, ಮೊಟ್ಟೆ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯುವುದು. ಬೂದಿ ಸವರಿ ನೀರು ತೋರಿಸಿದರೆ ಸಾಲದು.

3. ಗೂಡು ಗುಡಿಸುವ ಮುಂಚೆ ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟುವುದು.

4. ಹಸಿ ಮೊಟ್ಟೆ ಬಂದ್. ಗರಡಿ ಹುಡುಗರು ಶಕ್ತಿ ಬರುತ್ತದೆಂದು ಹಾಲಿಗೆ ಒಡೆದು ಹಾಕಿ ಕುಡಿಯುತ್ತಾರೆ. ಸಾಲ್ಮೊನೆಲ್ಲಾ ಮೊಟ್ಟೆಯ ಒಳಗೂ ಇರಬಹುದು, ಸಿಪ್ಪೆ ತೊಳೆದರೆ ಹೋಗದು. ಬೇಯಿಸಿದರೆ ಸಾಯುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಸಾಯುವುದಿಲ್ಲ.

5. ಬಾಡು ಹೆಚ್ಚಿದ ಈಳಿಗೆಯನ್ನು ತೊಳೆಯದೆ ಈರುಳ್ಳಿ, ಸೌತೆಕಾಯಿ ಹೆಚ್ಚುವುದಿಲ್ಲ.

6. ಹಸಿ ಕೋಳಿಗೊಬ್ಬರವನ್ನು ಸೊಪ್ಪಿನ ಮಡಿಗೆ ಹಾಕುವುದಿಲ್ಲ. ತೇವ ಮಾಡಿ ರಾಶಿ ಹಾಕಿ, ಕಾವು ಏರಿದ ಮೇಲೆ ತಿರುವಿ, ಪೂರ್ತಿ ಕಳಿತ ಮೇಲೆ ಹೊಲಕ್ಕೆ.

ಭೇದಿಯಾದವರಿಗೆ ಮೊದಲು ಬೇಕಾದ್ದು ನೀರು. ಓಆರ್‌ಎಸ್ ಇಲ್ಲದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ತಲೆಸವರಿ ಅಳೆದು ಹಾಕಿ ಆಗಾಗ್ಗೆ ಕುಡಿಸಿ. ರಕ್ತ ಕಂಡರೆ, ಕೂಸು ಸೊರಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಅಂಗಡಿಯಿಂದ ಆಂಟಿಬಯಾಟಿಕ್ ತಂದು ಕೋಳಿಗೂ ಮಕ್ಕಳಿಗೂ ನಾವೇ ಕೊಡುವುದು ಬೇಡ. ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಹೋದರೆ ಮುಂದೆ ಔಷಧಿ ನಾಟುವುದಿಲ್ಲ. ಇದೇ ಕಾರಣಕ್ಕೆ ಕೇಂದ್ರ ಸರ್ಕಾರ 2019ರಲ್ಲಿ ಕೋಳಿ ಆಹಾರಕ್ಕೆ ಬೆರೆಸುತ್ತಿದ್ದ ಕೊಲಿಸ್ಟಿನ್ ಔಷಧಿಯನ್ನು ನಿಷೇಧಿಸಿತು.

ಮಳೆ ಕೈಕೊಟ್ಟ ವರ್ಷ ಸಂತೆ ಖರ್ಚು ನಡೆಸುವುದು ಇದೇ ಹ್ಯಾಟೆ, ಹುಂಜ. ಅವುಗಳನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಅವು ಅಂಗಳದಲ್ಲಿರಲಿ, ಅಡುಗೆಮನೆಯಲ್ಲಿ ಬೇಡ.