ಒಂದು ಹೊತ್ತಿನ ತಿಂಡಿಯೂ ರಕ್ತನಾಳವೂ

ಫಾಸ್ಟ್ ಫುಡ್‌ನ ಕೇಡು ವರ್ಷಗಳು ಕಳೆದ ಮೇಲೆ ತೋರುವುದೆಂದು ನಾವು ಭಾವಿಸುತ್ತೇವೆ. ಆದರೆ ಒಂದೇ ಹೊತ್ತಿನ ಆಹಾರವೂ ಕೆಲವು ಗಂಟೆಗಳಲ್ಲಿ ರಕ್ತನಾಳದ ಮೇಲೆ ಪರಿಣಾಮ ಬೀರುತ್ತದೆ.

ನಮ್ಮ ರಕ್ತನಾಳಗಳ ಒಳಮೈಗೆ ಜೀವಕೋಶಗಳ ಒಂದು ತೆಳುವಾದ ಪದರವಿದೆ. ರಕ್ತದ ಹರಿವು ಹೆಚ್ಚಿದಾಗ ಈ ಪದರವು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಹೊರಬಿಟ್ಟು ನಾಳವನ್ನು ಹಿಗ್ಗಿಸುತ್ತದೆ.

1997ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ವೈದ್ಯರು ಒಂದು ಅಧ್ಯಯನವನ್ನು ಪ್ರಕಟಿಸಿದರು. ಆರೋಗ್ಯವಂತರಾದ 10 ಮಂದಿಗೆ 50 ಗ್ರಾಂ ಕೊಬ್ಬುಳ್ಳ, 900 ಕ್ಯಾಲೊರಿಯ ಫಾಸ್ಟ್ ಫುಡ್ ನೀಡಲಾಯಿತು. ತೋಳಿಗೆ ಪಟ್ಟಿ ಬಿಗಿದು ರಕ್ತದ ಹರಿವನ್ನು ಕೆಲವು ನಿಮಿಷ ತಡೆದು, ಸಡಿಲಿಸಿದ ಬಳಿಕ ಅಪಧಮನಿಯು ಎಷ್ಟು ಹಿಗ್ಗುವುದೆಂದು ಅಲ್ಟ್ರಾಸೌಂಡ್‌ನಿಂದ ಅಳೆಯಲಾಯಿತು. ತಿನ್ನುವ ಮೊದಲು ಶೇ. 21ರಷ್ಟಿದ್ದ ಹಿಗ್ಗುವಿಕೆಯು ನಾಲ್ಕು ಗಂಟೆಗಳ ಬಳಿಕ ಶೇ. 10ಕ್ಕೆ ಇಳಿದಿತ್ತು. ಅಷ್ಟೇ ಕ್ಯಾಲೊರಿಯ, ಕೊಬ್ಬಿಲ್ಲದ ಆಹಾರ ಸೇವಿಸಿದಾಗ ಇಂಥ ಇಳಿಕೆ ಕಾಣಲಿಲ್ಲ.

ಇದು ಸಣ್ಣ ಅಧ್ಯಯನ; ಒಂದು ಹೊತ್ತು ತಿಂದ ಮಾತ್ರಕ್ಕೆ ಹೃದ್ರೋಗ ಬರುವುದೆಂದು ಇದರ ಅರ್ಥವಲ್ಲ. ಈ ಕುಂದು ತಾತ್ಕಾಲಿಕವಾದುದು. ಆದರೆ ಬೆಳಿಗ್ಗೆ ಪೂರಿ, ಸಂಜೆ ಮಿರ್ಚಿ ಭಜಿ, ರಾತ್ರಿ ಪಿಜ್ಜಾ ಎಂದು ದಿನವಿಡೀ ಕೊಬ್ಬನ್ನೇ ಸೇವಿಸುತ್ತಿದ್ದರೆ ನಾಳಗಳು ಚೇತರಿಸಿಕೊಳ್ಳಲು ಸಮಯವೆಲ್ಲಿ? ಆದುದರಿಂದ ನಾವು ಕರಿದ ತಿನಿಸನ್ನು ನಿತ್ಯದ ರೂಢಿಯಾಗಿಸದೆ, ಜೋಳದ ರೊಟ್ಟಿ, ಕಾಳುಪಲ್ಯ, ಸೊಪ್ಪು, ಹಣ್ಣುಗಳನ್ನು ನಮ್ಮ ದಿನದ ಆಹಾರವಾಗಿಸಿಕೊಳ್ಳೋಣ. ಹೃದಯದ ತೊಂದರೆ, ಮಧುಮೇಹ ಉಳ್ಳವರು ವೈದ್ಯರ ಸಲಹೆಯಂತೆ ಇನ್ನಷ್ಟು ಎಚ್ಚರದಿಂದಿರುವುದು ಲೇಸು.